ಶುಭ ಕೋರುವವರ ರಾತ್ರಿ ಶಾಲೆ

ಮಂಗಳೂರು, ಮಣಿಪಾಲದಲ್ಲಿ ಜಾಹೀರಾತು ಕಲಿಯುವ ಮಕ್ಕಳಿಗೆ ತಪ್ಪದೆ ಸಿಗುವ ಅಸೈನ್‌ಮೆಂಟ್ ಒಂದುಂಟು: ಊರು ಸುತ್ತಿ, ಕಣ್ಣು ಬಿಟ್ಟು ನೋಡಿ, ಸ್ಫೂರ್ತಿ ಹುಡುಕಿಕೊಂಡು ಬನ್ನಿ. ಮಕ್ಕಳು ಹೊರಡುತ್ತಾರೆ. ನೇರ ಎಸಿ ಇರುವ ಕಾಫಿ ಅಂಗಡಿಗೆ. ಒಂದು ಕೋಲ್ಡ್ ಕಾಫಿಗೆ ನಾಲ್ಕು ಸ್ಟ್ರಾ ಹಾಕಿಸಿಕೊಂಡು, ಪಿಂಟರೆಸ್ಟ್ ತೆರೆದು, ಟೋಕಿಯೊದ ನಿಯಾನ್ ಬೀದಿಯ ಫೋಟೋ ಇಳಿಸಿ ಮೂಡ್‌ಬೋರ್ಡಿಗೆ ಅಂಟಿಸುತ್ತಾರೆ. ರಾತ್ರಿ ಐಸ್‌ಕ್ರೀಮ್ ಪಾರ್ಲರಿನಲ್ಲಿ ಗಡ್‌ಬಡ್ ತಿಂದು, 'ನೈಟ್ ಔಟ್, ಸಿಟಿ ಲೈಟ್ಸ್' ಅಂತ ಸ್ಟೋರಿ ಹಾಕಿ, ಪಿಜಿಯ ಗೇಟು ಬೀಳುವ ಮೊದಲು ಓಡುತ್ತಾರೆ. ಅಸಲಿ ಸ್ಫೂರ್ತಿ ಬರುವುದು ಆಮೇಲೆ. ಏಸ್ ಗಾಡಿಯ ಹಿಂದೆ, ಫ್ಲೆಕ್ಸಿನ ರೂಪದಲ್ಲಿ ಸುರುಳಿ ಸುತ್ತಿಕೊಂಡು, ಜೊತೆಗೆ ಎರಡು ಏಣಿ, ಒಂದು ಬಂಡಲ್ ಬೈಂಡಿಂಗ್ ವಯರ್.

ಈ ಊರಿನ ಜಾಹೀರಾತು ಉದ್ಯಮ ಕಣ್ಣು ಬಿಡುವುದು ಹನ್ನೆರಡರ ಮೇಲೆ. ಲಾಲ್‌ಬಾಗ್, ಪಿವಿಎಸ್, ಕಂಕನಾಡಿ, ಪಂಪ್‌ವೆಲ್, ನಂತೂರು, ಆಚೆ ಉಡುಪಿಯ ಕಲ್ಸಂಕ, ಹೀಗೆ ಸರ್ಕಲ್ ಒಂದೊಂದೂ ಒಂದು ಕ್ಲಾಸ್‌ರೂಮು. ಹಾಜರಿ ಬೇಡ, ಫೀಸು ಇಲ್ಲ. ಬೆಳಿಗ್ಗೆ ಎದ್ದು ಬರುವವರಿಗೆ ಸಿಗುವುದು ರಿಸಲ್ಟ್ ಮಾತ್ರ: ನಿನ್ನೆ ಬಸ್‌ಸ್ಟಾಪ್ ಇದ್ದಲ್ಲಿ ಇಂದು ಕೈಮುಗಿದ ಹತ್ತು ಅಡಿಯ ಅಣ್ಣ.

ಕಾಲೇಜಿನಲ್ಲಿ ಮೊದಲು ಕಲಿಸುವ ಪ್ರಶ್ನೆ, ಟಾರ್ಗೆಟ್ ಆಡಿಯೆನ್ಸ್ ಯಾರು? ವಯಸ್ಸು, ಆದಾಯ, ಅಭಿರುಚಿ ಅಂತ ಮಕ್ಕಳು ಎಂಟು ಸ್ಲೈಡ್ ಮಾಡುತ್ತಾರೆ. ಹುಟ್ಟುಹಬ್ಬದ ಫ್ಲೆಕ್ಸಿಗೆ ಈ ಪ್ರಶ್ನೆಗೆ ಅರ್ಧ ಸಾಲಿನ ಉತ್ತರ ಸಾಕು: ಒಬ್ಬರೇ, ಫ್ಲೆಕ್ಸಿನಲ್ಲಿರುವ ಅಣ್ಣ. ದಾರಿಹೋಕರು ಓದಲಿ ಅಂತ ಯಾರೂ ಕಟ್ಟಿದ್ದಲ್ಲ. ನಂಬಿಕೆ ಇಲ್ಲದಿದ್ದರೆ ಕಟ್ಟಿದ ಜಾಗ ನೋಡಿ. ಅಣ್ಣ ಕೂರುವುದು ಕಾರಿನ ಮುಂದಿನ ಎಡಗಡೆ ಸೀಟಿನಲ್ಲಿ, ಹಾಗಾಗಿ ಫ್ಲೆಕ್ಸು ಅವರ ಮನೆಯಿಂದ ಪೇಟೆಗೆ ಬರುವ ದಿಕ್ಕಿನಲ್ಲಿ, ರಸ್ತೆಯ ಎಡಕ್ಕೆ, ಕಾರು ನಿಧಾನವಾಗುವ ಹಂಪಿನಿಂದ ಸ್ವಲ್ಪ ಮುಂದೆ. ಗಾಜು ಇಳಿಸಿ ಒಮ್ಮೆ ನೋಡಿ ನಕ್ಕರೆ ಕ್ಯಾಂಪೇನ್ ಗೆದ್ದಿತು. ಇಷ್ಟು ಕರಾರುವಾಕ್ಕಾದ ಮೀಡಿಯಾ ಪ್ಲ್ಯಾನಿಂಗು ಮುಂಬೈಯ ದೊಡ್ಡ ಏಜೆನ್ಸಿಗಳಿಗೂ ಕಷ್ಟ. ಒಬ್ಬ ವೀಕ್ಷಕನಿಗಾಗಿ ಐದು ಲಕ್ಷ ಜನರ ಕಣ್ಣಿಗೆ ಅಡ್ಡ ಕಟ್ಟುವ ಧೈರ್ಯ ಅವರಿಗೆಲ್ಲಿಂದ ಬರಬೇಕು?

ಸಿದ್ಧಾಂತದ ಪುಸ್ತಕಗಳು ಇಲ್ಲಿ ಉಲ್ಟಾ. 1959ರಲ್ಲಿ ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತೊಂದು ಬಂತು. ಪುಟದ ಬಹುಪಾಲು ಖಾಲಿ, ಮೂಲೆಯಲ್ಲಿ ಪುಟ್ಟ ಕಾರು. ಇಂದಿಗೂ ಎಲ್ಲ ಕ್ಲಾಸುಗಳಲ್ಲಿ ಅದನ್ನು ತೋರಿಸಿ, ಖಾಲಿ ಜಾಗಕ್ಕೆ ಎಂಥ ಶಕ್ತಿ ಉಂಟು ನೋಡಿ ಅನ್ನುತ್ತಾರೆ. ಅದನ್ನು ಪ್ರೆಸ್ಸಿಗೆ ಒಯ್ದು ತೋರಿಸಿ. "ಮಾರಾಯ್ರೆ, ಇಷ್ಟು ಜಾಗ ಖಾಲಿ ಬಿಟ್ಟಿದ್ದೀರಲ್ಲ, ಹನ್ನೆರಡು ಜನರನ್ನು ಹಾಕಬಹುದಿತ್ತು" ಅನ್ನುತ್ತಾರೆ. ಅವರ ಲೆಕ್ಕ ತಪ್ಪಲ್ಲ. ಫ್ಲೆಕ್ಸಿಗೆ ಚದರಡಿ ದರ, ಬರೆದ ಜಾಗಕ್ಕೂ ಬಿಟ್ಟ ಜಾಗಕ್ಕೂ ಒಂದೇ ಬೆಲೆ. ಅದೂ ಅಲ್ಲದೆ ಕೆಳಗಿನ ಸಾಲಿನ ಮುಖಗಳೇ ಬಂಡವಾಳ: ತಲೆಗೆ ಇಷ್ಟು ಅಂತ ಎತ್ತಿದ ದುಡ್ಡಿನಲ್ಲೇ ಫ್ಲೆಕ್ಸ್ ಆಗುವುದು. ಕೊಟ್ಟವನ ಮುಖ ಬರದಿದ್ದರೆ ಮುಂದಿನ ಹುಟ್ಟುಹಬ್ಬಕ್ಕೆ ಫಂಡ್ ಇಲ್ಲ. ಹೀಗೆ ತಯಾರಾದ ಫ್ಲೆಕ್ಸು ಗಡ್‌ಬಡ್ ಗ್ಲಾಸಿನ ಹಾಗೆ ಪದರ ಪದರ: ಮೇಲೆ ದೇವರು, ದಿವಂಗತ ನಾಯಕರು, ಅದರ ಕೆಳಗೆ ರಾಜ್ಯಮಟ್ಟದವರು, ನಡುವೆ ಕಪ್ಪು ಕನ್ನಡಕ ಹಾಕಿ ಫೋನಿನಲ್ಲಿ ಮಾತಾಡುತ್ತಾ ನಡೆದು ಬರುವ ಅಣ್ಣ, ತಳದಲ್ಲಿ ಹಣ್ಣಿನ ಚೂರುಗಳಂತೆ ಶುಭ ಕೋರುವವರು.

ಹೋರ್ಡಿಂಗಿನಲ್ಲಿ ಏಳು ಪದ ದಾಟಬಾರದು ಅನ್ನುವುದೊಂದು ರೂಢಿಯ ನಿಯಮ. ಕಾರಣ ಸರಳ: ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುವವನು ಸೆಕೆಂಡಿಗೆ 11 ಮೀಟರ್ ದಾಟುತ್ತಾನೆ, ಅವನ ಕಣ್ಣಿಗೆ ಸಿಗುವುದೇ ನಾಲ್ಕೈದು ಸೆಕೆಂಡ್. ಇನ್ನೊಂದು ಲೆಕ್ಕ, ಹತ್ತು ಅಡಿ ದೂರಕ್ಕೆ ಅಕ್ಷರ ಒಂದು ಇಂಚು ಎತ್ತರ. ನಮ್ಮ ಫ್ಲೆಕ್ಸಿನ ಕೆಳಸಾಲಿನ ಹೆಸರುಗಳು ಮುಕ್ಕಾಲು ಇಂಚು. ಏಳೆಂಟು ಅಡಿಯಿಂದ ಆರಾಮಾಗಿ ಓದಬಹುದು, ಅಂದರೆ ಡಿವೈಡರ್ ಹತ್ತಿ ನಿಂತರೆ. ಆದರೆ ನಂತೂರಿನಲ್ಲಿ ಸಂಜೆ ಆರಕ್ಕೆ ಗಂಟೆಗೆ 40ರಲ್ಲಿ ಹೋಗುವವರು ಯಾರು? ಬಸ್ಸು ಹಂದದೆ ನಿಂತಾಗ ಉಪಾಧ್ಯಕ್ಷರಿಂದ ಸಹ ಸಂಚಾಲಕರವರೆಗೆ ಎಲ್ಲರನ್ನೂ ಓದಿ ಮುಗಿಸಬಹುದು. ಟ್ರಾಫಿಕ್ ಜಾಮಿಗೂ ಫ್ಲೆಕ್ಸಿಗೂ ಇರುವ ಈ ಪರಸ್ಪರ ಸಹಕಾರದ ಮೇಲೆ ಯಾರಾದರೂ ಪಿಎಚ್‌ಡಿ ಮಾಡಬೇಕು.

ಇನ್ನು ಪ್ರೆಸ್ಸಿನ ಒಳಗೆ. ಬೇರೆಲ್ಲ ಬಿಡಿ, ಇದೊಂದನ್ನು ವಿದ್ಯಾರ್ಥಿಗಳು ಕೂತು ನೋಡಲೇಬೇಕು. 10×8 ಅಡಿಯ ಫ್ಲೆಕ್ಸಿಗೆ ಇಂಚಿಗೆ 72 ಚುಕ್ಕಿ ಸಾಕು, ದೂರದಿಂದ ನೋಡುವುದಲ್ಲವಾ. ಆ ಲೆಕ್ಕಕ್ಕೆ ಫೈಲು 8640×6912 ಪಿಕ್ಸೆಲ್. ಕೆಳಸಾಲಿನಲ್ಲಿ ಇಪ್ಪತ್ತು ಜನ ಅಂದರೆ ಒಬ್ಬರಿಗೆ ಆರು ಇಂಚು ಅಗಲ, 432 ಪಿಕ್ಸೆಲ್. ಈಗ ಗಲ್ಫಿನಲ್ಲಿರುವ ಮಿತ್ರರೊಬ್ಬರು ತಮ್ಮ ಫೋಟೋ ಅಂತ ಮದುವೆಯ ಗ್ರೂಪ್ ಫೋಟೋ ವಾಟ್ಸ್ಯಾಪ್ ಮಾಡುತ್ತಾರೆ, "ಎಡದಿಂದ ಐದನೆಯವ ನಾನು". ವಾಟ್ಸ್ಯಾಪು ಅದನ್ನು ಹಿಂಡಿ ಕಳಿಸಿದ ಮೇಲೆ ಐದನೆಯವರ ಪಾಲಿಗೆ ಉಳಿದದ್ದು ನೂರು ಪಿಕ್ಸೆಲ್. ನಾಲ್ಕು ಪಟ್ಟು ಹಿಗ್ಗಿಸಿದಾಗ ಮುಖ ಹೋಗಿ ಚೌಕಾಬಾರದ ಮನೆಗಳು ಕಾಣುತ್ತವೆ, ಹೆಗಲ ಮೇಲೆ ನಾಲ್ಕನೆಯವರ ಕೈ ಬೇರೆ. ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಈ ಕಾಟ ಇಲ್ಲ ಅಂತ ಪ್ರೆಸ್ಸಿನವರು ಹೇಳಿ ಹೇಳಿ ಸೋತು ಈಗ ಗೋಡೆಗೆ ಬರೆದು ಹಾಕಿದ್ದಾರೆ. ಆ ಬರಹವನ್ನೂ ಯಾರೂ ಓದುವುದಿಲ್ಲ. ಅದಕ್ಕೊಂದು ಫ್ಲೆಕ್ಸ್ ಮಾಡಿಸಬೇಕು.

ಅಕ್ಷರದ ಪಾಡು ಇನ್ನೊಂದು. ಡಿಸೈನರ್ ಕೂತಿರುವುದು ಕೋರಲ್‌ಡ್ರಾದ ಹಳೆಯ ಆವೃತ್ತಿಯ ಮುಂದೆ, ಟೈಪ್ ಮಾಡುವುದು ನುಡಿ, ಬರಹದಂಥ ಹಳೆ ಎನ್‌ಕೋಡಿಂಗಿನಲ್ಲಿ. ಗಿರಾಕಿ ಮೊಬೈಲಿನಿಂದ ಕಳಿಸುವುದು ಯೂನಿಕೋಡ್, ಅಂದರೆ ಇಂದಿನ ಮೊಬೈಲು, ಕಂಪ್ಯೂಟರುಗಳ ಸಾಮಾನ್ಯ ಅಕ್ಷರ ಸಂಕೇತ. ನೇರ ಪೇಸ್ಟ್ ಮಾಡಿದರೆ ಒತ್ತಕ್ಷರಗಳು ಕಳಚಿಕೊಂಡು ಹಲಂತದ ಚಿಹ್ನೆಗಳು ತಲೆಯ ಮೇಲೆ ಕೋಡಿನಂತೆ ನಿಲ್ಲುತ್ತವೆ. ಕನ್ವರ್ಟರಿಗೆ ಹಾಕಿದರೆ ಅರ್ಕಾವೊತ್ತು ಪಕ್ಕದ ಮನೆಗೆ ಹೋಗುತ್ತದೆ. ಯೂನಿಕೋಡಿನಲ್ಲಿ ಅದು ಅಕ್ಷರಕ್ಕಿಂತ ಮೊದಲು ಬರುತ್ತದೆ, ಹಳೆ ಫಾಂಟುಗಳಲ್ಲಿ ಅಕ್ಷರದ ನಂತರ. 'ಹಾರ್ದಿಕ' ಅನ್ನುವುದು 'ಹಾದಿರ್ಕ' ಆಗುವುದು ಈ ದಾರಿಯಲ್ಲೇ. ಅಧ್ಯಕ್ಷರು 'ಅದ್ಯಕ್ಷ'ರಾಗುವುದಕ್ಕೆ ಮಾತ್ರ ಸಾಫ್ಟ್‌ವೇರನ್ನು ಬೈಯುವ ಹಾಗಿಲ್ಲ. ಅದು ಅಭಿಮಾನಿಗಳ ಸ್ವಂತ ಸಂಪಾದನೆ.

ರಾತ್ರಿ ಹತ್ತಕ್ಕೆ ಪ್ರೂಫ್ ಗ್ರೂಪಿಗೆ ಹೋಗುತ್ತದೆ. ಕಾಗುಣಿತದ ಬಗ್ಗೆ ಒಂದು ಮೆಸೇಜೂ ಬರುವುದಿಲ್ಲ. ಬರುವುದು ಇದು: "ಅಣ್ಣೆರ್ನ ಮೋನೆ ಒಂತೆ ಮಲ್ಲ ಮಲ್ಪುಲೆ." ಅಂದರೆ, ಅಣ್ಣನ ಮುಖ ಸ್ವಲ್ಪ ದೊಡ್ಡದು ಮಾಡಿ. ಮಾಡಿದರಾಯಿತು ಅನ್ನುವಷ್ಟರಲ್ಲಿ, ಅಣ್ಣನ ಮುಖ ಹಿಗ್ಗಿದ್ದಕ್ಕೆ ಮೇಲಿನ ರಾಜ್ಯಮಟ್ಟದವರ ಹಣೆ ಕತ್ತರಿಸಿಹೋಯಿತೆಂದು ಒಬ್ಬರು, ಇವರ ಪಕ್ಕ ಅವರು ಬೇಡ, ಈಗ ಮಾತಿಲ್ಲ ಅಂತ ಇನ್ನೊಬ್ಬರು. ಹನ್ನೊಂದೂವರೆಗೆ 'ಓಕೆ' ಬೀಳುತ್ತದೆ, ಹನ್ನೆರಡಕ್ಕೆ ಗಾಡಿ ಬಂದು ನಿಲ್ಲುತ್ತದೆ. ಈ ಅವಸರದಲ್ಲಿ ಆಗುವ ಎಡವಟ್ಟೆಂದರೆ ಸಾಲ್ವೆಂಟ್ ಶಾಯಿ ಪೂರ್ತಿ ಒಣಗುವ ಮೊದಲೇ ಸುರುಳಿ ಸುತ್ತುವುದು. ಬಿಚ್ಚಿದಾಗ ಒಬ್ಬರ ಬಣ್ಣ ಇನ್ನೊಂದು ಸುತ್ತಿನ ಬೆನ್ನಿಗೆ ಅಂಟಿರುತ್ತದೆ. ಮೊಬೈಲಿನಲ್ಲಿ ಝಗಮಗಿಸಿದ ಕೇಸರಿ, ಹಸಿರು ಫ್ಲೆಕ್ಸಿನಲ್ಲಿ ಮಂಕಾಯಿತೆಂಬ ಜಗಳವೂ ಅಲ್ಲೇ ನಡೆಯಬೇಕು. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರಿಂಟರು ನಾಲ್ಕು ಶಾಯಿಯಿಂದ. ಎಲ್ಲ ಪಕ್ಷದ ಬಣ್ಣಗಳೂ ಮುದ್ರಣಕ್ಕೆ ಇಳಿದಾಗ ಸ್ವಲ್ಪ ಸಪ್ಪೆಯಾಗುತ್ತವೆ, ಇದರಲ್ಲಿ ಪ್ರೆಸ್ಸಿನವರ ರಾಜಕೀಯ ಏನೂ ಇಲ್ಲ.

ಕಟ್ಟುವವರಿಗೆ ಗಾಳಿಯ ಭಯ. ಕಡಲ ಗಾಳಿಗೆ 80 ಚದರಡಿ ಅಂದರೆ ಹಾಯಿಯೇ ಸರಿ. ರೀಪಿನ ಚೌಕಟ್ಟಿಗೆ ಮೊಳೆ ಹೊಡೆದು ಲೈಟುಕಂಬಕ್ಕೆ ಎರಡೇ ಕಡೆ ವಯರ್ ಸುತ್ತಿದ್ದಾದರೆ ಮಧ್ಯಾಹ್ನದೊಳಗೆ ಅದು ಬೈಕಿನವರ ಮೇಲೆ. ಅದಕ್ಕೆಂದೇ ಫ್ಲೆಕ್ಸಿನಲ್ಲಿ ಅರ್ಧಚಂದ್ರದ ಆಕಾರಕ್ಕೆ ಅಲ್ಲಲ್ಲಿ ಬ್ಲೇಡ್ ಎಳೆಯುತ್ತಾರೆ, ಗಾಳಿ ದಾಟಿಹೋಗಲಿ ಅಂತ. ಎಲ್ಲಿ ಎಳೆಯುವುದು ಅನ್ನುವುದೇ ಕಲೆ. ಅಣ್ಣನ ಮುಖಕ್ಕೆ ಎಳೆಯುವ ಹಾಗಿಲ್ಲ. ಮೇಲಿನವರಿಗೆ ಎಳೆದರೆ ನೌಕರಿಯೇ ಹೋದೀತು. ಕೆಳಸಾಲಿನವರು ದುಡ್ಡು ಕೊಟ್ಟವರು. ಉಳಿದದ್ದು ಶುಭಾಶಯದ ಸಾಲು, ಅಲ್ಲಿಗೇ ಎಳೆಯುತ್ತಾರೆ. ಯಾರೂ ಓದದ ಭಾಗ ಯಾವುದು ಅನ್ನುವುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಮಾರ್ಕೆಟ್ ರಿಸರ್ಚ್ ಬೇರೆ ಇಲ್ಲ.

ಇದೆಲ್ಲ ಕಾನೂನುಬದ್ಧವೇ ಅಂತ ಕೇಳುವ ಮುಗ್ಧರೂ ಇದ್ದಾರೆ. ಸಾರ್ವಜನಿಕ ಜಾಗ ವಿರೂಪಗೊಳಿಸುವುದನ್ನು ತಡೆಯುವ ಕಾಯ್ದೆ ರಾಜ್ಯದಲ್ಲಿ 1981ರಿಂದ ಉಂಟು. ಅನುಮತಿ ಇಲ್ಲದೆ ಜಾಹೀರಾತು ಕಟ್ಟಿದರೆ ಆರು ತಿಂಗಳವರೆಗೆ ಸಜೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಅಂತ ಅದರಲ್ಲಿ ಬರೆದರು. 80 ಚದರಡಿಗೆ ಭಾಗಿಸಿ ನೋಡಿ, ಚದರಡಿಗೆ ಹನ್ನೆರಡೂವರೆ ರೂಪಾಯಿ. ಪೇಟೆಯ ನಟ್ಟನಡುವೆ ಇಷ್ಟು ಅಗ್ಗದ ಬಾಡಿಗೆ ಪಾನ್ ಅಂಗಡಿಗೂ ಸಿಗದು. 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಸರ್ಕಾರ ಪ್ಲಾಸ್ಟಿಕ್ ಚೀಲದ ಜೊತೆಗೆ ಫ್ಲೆಕ್ಸು, ಬ್ಯಾನರುಗಳನ್ನೂ ನಿಷೇಧಿಸಿತು. ನಿಷೇಧಕ್ಕೆ ಅಭಿನಂದನೆ ಸಲ್ಲಿಸಿ ಫ್ಲೆಕ್ಸ್ ಕಟ್ಟಿದವರು ಯಾರೂ ಕಂಡಿಲ್ಲ, ಅಷ್ಟರ ಮಟ್ಟಿಗೆ ಸಂಯಮ ಇತ್ತು. ಬಟ್ಟೆಯ ಬ್ಯಾನರು ಮಾಡಿ ಅಂದರೆ ಬಟ್ಟೆ ಶಾಯಿ ಹೀರಿಕೊಂಡು ಅಣ್ಣನ ಮುಖ ಕಪ್ಪಿಡುತ್ತದೆ, ಆದ್ದರಿಂದ ಪರಿಸರ ಸ್ವಲ್ಪ ಕಾಯಲಿ.

ತೆಗೆಯಲು ಪಾಲಿಕೆಯಲ್ಲಿ ಜನ ಸಾಲದು, ಗಾಡಿ ಸಾಲದು, ಏಣಿ ಗಿಡ್ಡ. ಇದು ನಾಲ್ಕು ವರ್ಷ ಹನ್ನೊಂದು ತಿಂಗಳ ಉತ್ತರ. ಚುನಾವಣಾ ನೀತಿಸಂಹಿತೆ ಬಂದ ದಿನ ನೋಡಬೇಕು. ಸರ್ಕಾರಿ ಕಟ್ಟಡದ್ದು 24 ಗಂಟೆಯಲ್ಲಿ, ಬಸ್‌ಸ್ಟಾಂಡು ಲೈಟುಕಂಬದಂಥ ಸಾರ್ವಜನಿಕ ಜಾಗದ್ದು 48 ಗಂಟೆಯಲ್ಲಿ, ಖಾಸಗಿ ಜಾಗದಲ್ಲಿ ಅಕ್ರಮವಾಗಿ ಕಟ್ಟಿದ್ದು 72 ಗಂಟೆಯಲ್ಲಿ ಮಂಗಮಾಯ. ಅದೇ ಜನ, ಅದೇ ಗಾಡಿ, ಅದೇ ಏಣಿ. ಆ ಮೂರು ದಿನ ಸರ್ಕಲ್ಲಿನಲ್ಲಿ ಎದುರಿನಿಂದ ಬರುವ ಬಸ್ಸು ಕಾಣುತ್ತದೆ, ಊರಿನವರಿಗೆ ಸ್ವಲ್ಪ ಕಸಿವಿಸಿಯೂ ಆಗುತ್ತದೆ.

ಪ್ರಚಾರಕ್ಕೆ ದುಡ್ಡೇ ಬೇಕು ಅನ್ನುವವರಿಗೆ ಒಂದು ಮಾತು. ಎಳೆದೂ ಎಳೆದೂ 2020ರ ಜನವರಿ ಕೊನೆಗೆ ತೆರೆದ ಪಂಪ್‌ವೆಲ್ ಫ್ಲೈಓವರಿಗೆ ಯಾವ ಏಜೆನ್ಸಿ ಕೆಲಸ ಮಾಡಿತ್ತು? ಜೋಕುಗಳೇ ಅದನ್ನು ಊರಾಚೆಯವರಿಗೂ ಪರಿಚಯಿಸಿದವು. ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ "ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್" ಅಂತ ಬಸ್‌ಸ್ಟಾಂಡಿನ ಹೆಸರು ಕೂಗುವುದು ಎರಡು ಸೆಕೆಂಡಿನ ಜಿಂಗಲ್, ಹತ್ತುವ ಒಬ್ಬನಿಗೂ ಗೊಂದಲ ಇಲ್ಲ. ಬಂದರಿನ ಮೀನಿನವರು ಕರೆಯುವಾಗ ದರವೂ ತಾಜಾತನವೂ ಒಂದೇ ಉಸಿರಿನಲ್ಲಿ ಬರುತ್ತದೆ. ಕಾಫಿ ಅಂಗಡಿಯಿಂದ ಇವೆಲ್ಲ ನಡೆದು ಹೋಗುವಷ್ಟೇ ದೂರ, ಆದರೆ ವೈಫೈ ಇಲ್ಲ.

ಬಿಸಿಲಿಗೆ ಬಿಟ್ಟ ಫ್ಲೆಕ್ಸಿನಲ್ಲಿ ಮೊದಲು ಸಾಯುವುದು ಹಳದಿ ಮತ್ತು ಕೆಂಪು ಶಾಯಿ. ನೀಲಿ ಗಟ್ಟಿ. ಎರಡು ತಿಂಗಳು ಹಾಗೇ ಬಿಟ್ಟರೆ ಪಕ್ಷಭೇದವಿಲ್ಲದೆ ಎಲ್ಲರೂ ನೀಲಮೇಘಶ್ಯಾಮರು, ಉಡುಪಿಯಲ್ಲಂತೂ ಅದಕ್ಕೆ ತಕ್ಕ ವಾತಾವರಣವೂ ಉಂಟು.

ನಿಜವಾದ ಮಾರುಕಟ್ಟೆ ತೆರೆಯುವುದು ಮೇ ಕೊನೆಗೆ. ಕಟ್ಟಿಗೆ ರಾಶಿ, ಅಡಿಕೆ ಸಿಪ್ಪೆ, ಹಟ್ಟಿಯ ಮಾಡು, ಸ್ಕೂಟರಿನ ಚಪ್ಪರ, ಎಲ್ಲಕ್ಕೂ ಮಳೆಗೆ ಮೊದಲು ಹೊದಿಕೆ ಬೇಕು. ಹೊಸ ಟಾರ್ಪಾಲು ದುಬಾರಿ. ಹಾಗಾಗಿ ಕಾರ್ಯಕ್ರಮ ಮುಗಿಯುವ ಮೊದಲೇ "ಅದು ಬಿಚ್ಚಿದ ಮೇಲೆ ನಮಗೆ ಕೊಡಿ" ಅಂತ ಬುಕಿಂಗ್. ತಿಳಿದವರು ನೋಡುವುದು ಮೂರೇ ಸಂಗತಿ. ಅಂಚಿಗೆ ಐಲೆಟ್ (ತೂತಿಗೆ ಕೂರಿಸುವ ಲೋಹದ ಬಳೆ) ಹೊಡೆದಿದ್ದರೆ ಹಗ್ಗ ಕಟ್ಟಲು ಸುಲಭ. ಗಾಳಿಗೆಂದು ಬ್ಲೇಡ್ ಎಳೆದಿದ್ದರೆ ಬೇಡ, ಸೋರುತ್ತದೆ. ಮೂರನೆಯದು ಜಿಎಸ್‌ಎಂ, ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಅನ್ನುವುದು, ಬೆರಳ ನಡುವೆ ಹಿಡಿದು ಉಜ್ಜಿದರೆ ಗೊತ್ತಾಗುತ್ತದೆ. ಮುದ್ರಿಸಿದ ಬದಿ ಒಳಗೆ ಬರುವಂತೆ ಹೊದಿಸುತ್ತಾರೆ, ಆದ್ದರಿಂದ ಅಣ್ಣನ ಶುಭಾಶಯ ಹಟ್ಟಿಯ ದನಕ್ಕೆ ನೇರ ತಲುಪುತ್ತದೆ. ನಾಯಕರನ್ನು ಹೀಗೆ ತೂಗಿ ಆರಿಸುವ ಮತದಾರರು ಬೇರೆಲ್ಲೂ ಸಿಗರು: 340 ಜಿಎಸ್‌ಎಂನವರು ಎರಡು ಮಳೆಗಾಲ ತಡೆಯುತ್ತಾರೆ, 220ರವರು ಮಳೆಗಾಲದ ಆಟಿ ತಿಂಗಳು ಮುಗಿಯುವ ಮೊದಲೇ ಸೋರುತ್ತಾರೆ.