ಸೊನ್ನೆ ಸೊನ್ನೆ ಸೊನ್ನೆ ಒಂದು

ನನಗೊಂದು ಚಟವಿದೆ, ಹಳೇ ನಂಬರ್ ಪ್ಲೇಟ್ ಕೂಡಿಡುವುದು. ಕುಡಿತವಾಗಿದ್ದರೆ ನೆಂಟರಿಷ್ಟರಿಗೆ ಅರ್ಥವಾಗುತ್ತಿತ್ತು. ತಗಡು ಅಂದರೆ ಯಾರಿಗೂ ಆಗುವುದಿಲ್ಲ. ಅಟ್ಟದ ಮೇಲೆ ಮೂವತ್ತೊಂದು ಇವೆ. "ಪೊಲೀಸರು ಬಂದರೆ ಮೂವತ್ತೊಂದು ಗಾಡಿ ಎಲ್ಲಿ ಅಂತ ನೀವೇ ಲೆಕ್ಕ ಕೊಡಿ" ಎಂದು ಮನೆಯಾಕೆ ಮುಂಚೆಯೇ ಕೈ ತೊಳೆದುಕೊಂಡಿದ್ದಾಳೆ.

ನನ್ನ ಮುದ್ದಿನದು 'ಎಂವೈ' ಅಂತ ಶುರುವಾಗುವ ಕಪ್ಪು ತಗಡು, ರಾಜ್ಯಕ್ಕೆ ಇನ್ನೂ ಮೈಸೂರು ಅಂತ ಹೆಸರಿದ್ದಾಗಿನ ಸರಣಿಯದು. ಬಿಳಿ ಬಣ್ಣದಲ್ಲಿ ಕೈಬರಹ. ಬರೆದವನು ಎರಡರ ಬಾಲ ಎಳೆದು, ತುದಿಯಲ್ಲಿ ಸಣ್ಣದೊಂದು ಸುಳಿ ಬಿಟ್ಟಿದ್ದಾನೆ. ಬೋಲ್ಟ್ ತೂತಿನ ಸುತ್ತ ಯಾವುದೋ ಆಯುಧಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿದೆ. ಶಿವಾಜಿನಗರದ ಗುಜರಿಯಲ್ಲಿ ತೂಕಕ್ಕೆ ಹಾಕಿಸಿ ತಂದದ್ದು.

ಅತ್ತ ಇನ್ನೂ ಒಂದು ಗೇಣೂ ಓಡದ ನಂಬರಿನ ಬೆಲೆ ನೋಡಿ. 2022ರಲ್ಲಿ ಚಂಡೀಗಢದ ಒಬ್ಬರು ನಂಬರುಗಳ ಸರ್ಕಾರಿ ಹರಾಜಿನಲ್ಲಿ 0001ಕ್ಕೆ 15.44 ಲಕ್ಷ ಕೊಟ್ಟರು. ಅದನ್ನು ತೊಡಿಸಲು ಹೊರಟಿದ್ದು ಸುಮಾರು 71 ಸಾವಿರದ ಸ್ಕೂಟರಿಗೆ! ಮೂಗಿಗಿಂತ ಮೂಗುತಿ ಭಾರ ಅನ್ನೋಣವೆಂದರೆ ಇಲ್ಲಿ ಮೂಗುತಿಗೆ ಇಪ್ಪತ್ತು ಮೂಗು ಬರುತ್ತವೆ. 2025ರಲ್ಲಿ ಕೇರಳದಲ್ಲಿ 0007 ಹೋದದ್ದು 46.24 ಲಕ್ಷಕ್ಕೆ. ದುಬೈನಲ್ಲಿ 2023ರಲ್ಲಿ 'ಪಿ 7' 5.5 ಕೋಟಿ ದಿರ್ಹಮ್ಮಿಗೆ ಹರಾಜಾಯಿತು, ನಮ್ಮ ದುಡ್ಡಲ್ಲಿ ನೂರಿಪ್ಪತ್ತು ಕೋಟಿ ಮೇಲೆ. ಆ ದುಡ್ಡು ಹಸಿದವರ ಊಟಕ್ಕೆ ಹೋಯಿತು, ಅಷ್ಟು ಪುಣ್ಯ. ಅದೇ 2025ರಲ್ಲಿ ಹರಿಯಾಣದಲ್ಲಿ ಬರೀ ಎಂಟುಗಳ ನಂಬರಿಗೆ 1.17 ಕೋಟಿ ಕೂಗಿದವರು ಕೊನೆಗೆ ದುಡ್ಡೇ ಕಟ್ಟಲಿಲ್ಲ. ನಮ್ಮ ಕಡೆ ಕೇಳಿದ್ದರೆ ಮೊದಲೇ ಹೇಳುತ್ತಿದ್ದೆವು, ಎಂಟು ಅಂದರೆ ಶನಿ ಸ್ವಾಮಿ ಅಂತ.

ನಮ್ಮ ಬೀದಿಯ ಗುತ್ತಿಗೆದಾರರೊಬ್ಬರಿಗೆ ಒಂಬತ್ತು ಆಗಿಬಂದಿದೆಯಂತೆ. ಕಾರಿಗೆ ನಾಲ್ಕು ಒಂಬತ್ತು, ಮಗನ ಬೈಕಿಗೆ ಕೂಡಿದರೆ ಒಂಬತ್ತು. ಗುರುಗಳು ಹೇಳಿದ್ದು. ಅವರೇ ಹಾಕಿಸಿದ ರಸ್ತೆಯ ಗುಂಡಿಗಳನ್ನು ನಾನು ಎಣಿಸಿದೆ, ಹನ್ನೊಂದಿದ್ದವು. ಗುರುಗಳಿಗೆ ತಿಳಿಸಬೇಕು.

ಇಷ್ಟು ಸುರಿದು ನಂಬರ್ ಕೊಳ್ಳುವುದು ನಾಲ್ಕು ಜನ ನೋಡಲಿ ಅಂತ ತಾನೆ? ಆದರೆ ಸಿಗ್ನಲ್ಲಿನ ಕ್ಯಾಮೆರಾ ಮಾತ್ರ ನೋಡಬಾರದು. ಅದಕ್ಕೇ ಆ ಮಗರಾಯ ಪ್ಲೇಟನ್ನು ಮೇಲಕ್ಕೆ ಮಡಚಿದ್ದಾನೆ. ಆಕಾಶದಲ್ಲಿ ಹೋಗುವ ಹದ್ದಿಗೆ ಅವನ ಒಂಬತ್ತು ಸ್ಪಷ್ಟವಾಗಿ ಕಾಣುತ್ತದೆ.

ಕಲೆಯೂ ಇತ್ತು ಅನ್ನಿ. 8055 ಕೊಂಡು, ಅಂಕಿಗಳನ್ನು ತಿರುಚಿ 'ಬಾಸ್' ಅಂತ ಓದುವ ಹಾಗೆ ಬರೆಸುತ್ತಿದ್ದರು. ಎಚ್‌ಎಸ್‌ಆರ್‌ಪಿ ಅನ್ನುವ ಹೆಚ್ಚು ಭದ್ರತೆಯ ನಂಬರ್ ಪ್ಲೇಟು ಬಂದು ಬಾಸುಗಳನ್ನೆಲ್ಲ ಮತ್ತೆ ಅಂಕಿ ಮಾಡಿತು. ಒಂದೇ ಅಚ್ಚಿನ ಅಕ್ಷರ, ಅಶೋಕ ಚಕ್ರದ ಹಾಲೋಗ್ರಾಮು, ಒಮ್ಮೆ ಕೂತರೆ ಮುರಿಯದೆ ಬಿಚ್ಚಲಾಗದ ಲಾಕು. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗಳೆಲ್ಲ ಹಾಕಿಸಲೇಬೇಕೆಂದು ನಮ್ಮ ಸರ್ಕಾರ 2023ರಲ್ಲಿ ಕೊಟ್ಟ ಗಡುವು ನವೆಂಬರ್ 17. ಅದು ಫೆಬ್ರವರಿಗೆ ಹೋಯಿತು, ಫೆಬ್ರವರಿಯಿಂದ ಮೇಗೆ, ಅಲ್ಲಿಂದ ಸೆಪ್ಟೆಂಬರಿಗೆ. ಪ್ಲೇಟು ಅಲ್ಲಾಡದ ಹಾಗೆ ಲಾಕ್ ಕಂಡುಹಿಡಿದವರು ಗಡುವಿಗೂ ಒಂದು ಕಂಡುಹಿಡಿಯಬಹುದಿತ್ತು.

ನನಗಂತೂ ಸುಗ್ಗಿ. ಕಳಚಿದ ಪ್ಲೇಟುಗಳು ಗುಜರಿಯಲ್ಲಿ ಹಂಚಿನ ಹಾಗೆ ಪೇರಿಸಿದ್ದವು. ಕೆದಕುತ್ತಾ ಹೋದರೆ ತಳದಲ್ಲಿ 0001! ಯಾರು ಎಷ್ಟು ಲಕ್ಷ ಕೂಗಿದ್ದರೋ, ಯಾವ ಸ್ವಾಮೀಜಿ ಪೂಜೆ ಮಾಡಿಕೊಟ್ಟಿದ್ದರೋ. ಅಂಚು ಸೊಟ್ಟಗಾಗಿತ್ತು. ತಕ್ಕಡಿಗಿಟ್ಟೆ.

"ಅದು ತೂಕಕ್ಕಿಲ್ಲ ಸಾರ್," ಅಂದ ಅಂಗಡಿಯ ಹುಡುಗ. "ಫ್ಯಾನ್ಸಿ ನಂಬರ್ರು. ಮೇಲೆ ಇಪ್ಪತ್ತು ರೂಪಾಯಿ ಆಗುತ್ತೆ."

"ಏನಪ್ಪಾ, ಹಳೇ ತಗಡಿಗೆ ಇಪ್ಪತ್ತಾ?"

"ಸರಿ, ಹದಿನೈದು ಕೊಡಿ."

ಹರಾಜು ಹತ್ತಕ್ಕೆ ಮುಗಿಯಿತು.