ಮೇಕ್ ಅಂದರೆ ಮಾಡು ಅಂತೆ, ಮುಗೀತಂತೆ!

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಧಾರವಾಡದ ಸಪ್ತಾಪುರದಲ್ಲಿ, ಕೋಚಿಂಗ್ ಕ್ಲಾಸುಗಳ ನಡುವೆ, ಜೆರಾಕ್ಸ್ ಅಂಗಡಿ ಇಟ್ಟವನಿಗೆ ದಿನಾ ಏನೇನು ಓದಲಿಕ್ಕೆ ಸಿಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಎಲ್ಲರ ನೋಟ್ಸೂ ನನ್ನ ಮಷೀನಿನಿಂದಲೇ ಹೊರಗೆ ಬರೋದು. ಇವತ್ತು ಮುಂಡರಗಿ ಕಡೆಯ ಒಬ್ಬ ಹುಡುಗ ಇಂಗ್ಲಿಷ್ ನೋಟ್ಸ್ ತಂದಿದ್ದ. ‘ಅಣ್ಣಾರ, ಎರಡೂ ಬಾಜೂ ತಗೀರಿ’ ಅಂದ. ದಪ್ಪ ಕಟ್ಟು. ಒಳಗೆ ಇದ್ದಿದ್ದು ಬರೀ ಪಟ್ಟಿ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ. ಡೂ ಅಂದರೆ ಮಾಡು. ಬಹಳ ಪುಟ ದಾಟಿದ ಮೇಲೆ, ಮೇಕ್ ಅಂದರೂ ಮಾಡು.

ಕಟ್ಟಿನ ನಡುವೆ ಅವನ ಟೆಸ್ಟ್ ಪೇಪರ್ ಸಿಕ್ಕಿಕೊಂಡಿತ್ತು. ‘ಐ ಡಿಡ್ ಎ ಮಿಸ್ಟೇಕ್’ ಅಂತ ಬರೆದಿದ್ದಾನೆ. ಮೇಲೆ ಕೆಂಪು ಗೆರೆ, ಮಾರ್ಕ್ಸ್ ಕಟ್.

‘ಯಾಕ ತಪ್ಪು ಅಂತ ಸರ್ ಹೇಳಿದ್ರೇನಪಾ?’

‘ಇಲ್ರೀ. ಮೇಡ್ ಬರಬೇಕು, ಬಾಯಿಪಾಠ ಮಾಡು ಅಂದ್ರು.’

ಅಲ್ರೀ ಸರ್, ಎರಡಕ್ಕೂ ಮಾಡು ಅಂತ ಬರೆಸಿದವರು ನೀವೇ. ಹುಡುಗ ನಿಮ್ಮ ಪಟ್ಟಿ ನಂಬಿ ಒಂದನ್ನು ಆರಿಸಿದ. ನೀವೇ ಕೆಂಪು ಪೆನ್ ಹಿಡಿದಿರಿ. ಇದು ಯಾವ ನ್ಯಾಯ?

ಮೇಕ್ ಎಂಬ ಪದ ಎಷ್ಟು ಸಣ್ಣದು, ಎಷ್ಟು ಕಿಲಾಡಿ ನೋಡಿ. ಮಿಸ್ಟೇಕ್‌ಗೆ ಮೇಕ್, ಹೋಮ್‌ವರ್ಕ್‌ಗೆ ಡೂ. ನಾಯ್ಸ್‌ಗೆ ಮೇಕ್, ಡ್ಯಾಮೇಜ್‌ಗೆ ಡೂ. ಎಫರ್ಟ್‌ಗೆ ಮೇಕ್, ಆದರೆ ಬೆಸ್ಟ್‌ಗೆ ಡೂ. ಬಿಸಿನೆಸ್ ಡೂ, ಅದೇ ಬಿಸಿನೆಸ್ಸಿನಿಂದ ಬರೋ ಮನಿ ಮಾತ್ರ ಮೇಕ್. ಫೋಟೋ ಹತ್ತಿರ ಇವೆರಡೂ ಸುಳಿಯೋ ಹಾಗಿಲ್ಲ, ಅಲ್ಲಿ ಟೇಕ್ ಕೂತಿದೆ. ಡಿಸಿಷನ್ ಅನ್ನು ಅಮೆರಿಕದವರು ಮೇಕ್ ಮಾಡುತ್ತಾರೆ, ಬ್ರಿಟನ್ನಿನಲ್ಲಿ ಟೇಕ್ ಕೂಡ ನಡೆಯುತ್ತೆ. ಇದರಲ್ಲಿ ಯಾವುದನ್ನಾದರೂ ‘ಮಾಡು’ ಎಂಬ ಮೂಲ ಅರ್ಥದಿಂದ ಕಂಡುಹಿಡಿಯಲಿಕ್ಕೆ ಆಗುತ್ತಾ? ನನ್ನ ತಾತ ಬಂದರೂ ಆಗಲ್ಲ.

ಸಂಬಂಧ ನೋಡೋವಾಗ ನಮ್ಮ ಮಂದಿ ಬರೀ ಹುಡುಗನ ಹೆಸರು ಕೇಳಿ ಎದ್ದು ಬರ್ತಾರಾ? ಬೀಗರು ಯಾರು, ಯಾರ ಜೊತೆ ಓಡಾಡ್ತಾನೆ, ಎಲ್ಲಾ ವಿಚಾರಿಸ್ತಾರೆ. ಪದದ ವಿಷಯದಲ್ಲೂ ವಿಚಾರಿಸಬೇಕಾದ್ದು ಅದನ್ನೇ. ಇದು ನನ್ನ ಸ್ವಂತ ತಲೆಯಿಂದ ಬಂದದ್ದಲ್ಲ. ಪದವನ್ನು ಅದರ ಸಹವಾಸದಿಂದ ತಿಳಿಯಬೇಕು ಅಂತ ಇಂಗ್ಲೆಂಡಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲೇ ಹೇಳಿದ್ದಾರೆ. ಅದಕ್ಕೂ ಮೊದಲು, 1933ರಲ್ಲಿ, ಟೋಕಿಯೋದಲ್ಲಿ ಕೂತು ಇಂಗ್ಲಿಷ್ ಕಲಿಸೋ ವಿಧಾನದ ಪಂಡಿತ ಹೆರಾಲ್ಡ್ ಪಾಮರ್, ಕೂಡಿಯೇ ಬರೋ ಇಂಥ ಪದಜೋಡಿಗಳ ಮೇಲೆ ಒಂದು ವರದಿಯನ್ನೇ ತಂದರು. ಯಾರಿಗಾಗಿ? ಜಪಾನಿನಲ್ಲಿ ಇಂಗ್ಲಿಷ್ ಕಲಿಸೋರಿಗೆ, ಕಲಿಯೋರಿಗೆ. ಅಂದರೆ ಮನೆಯಲ್ಲಿ ಇಂಗ್ಲಿಷ್ ಇಲ್ಲದ, ನಮ್ಮಂಥವರಿಗೇ. ಆಕ್ಸ್‌ಫರ್ಡಿನವರು ಬರೀ ಈ ಜೋಡಿಗಳಿಗಂತಲೇ 2002ರಲ್ಲಿ ಒಂದು ಡಿಕ್ಷನರಿ ತಂದರು. ಇಷ್ಟೆಲ್ಲಾ ಆದರೂ ನಮ್ಮ ಕ್ಲಾಸುಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಇರಲಿ ಬಿಡಿ.

ನಮಗೆ ಇದು ಹೊಸ ಸಂಗತಿಯೂ ಅಲ್ಲ. ನಾವು ದೀಪ ಹಚ್ಚುತ್ತೇವೆ. ಟಿವಿ ಹಚ್ಚುತ್ತೇವೆ. ಫೋನ್ ಹಚ್ಚುತ್ತೇವೆ. ಹೊಲಕ್ಕೆ ಆಳು ಹಚ್ಚುತ್ತೇವೆ. ಬ್ಯಾಡಗಿ ಕಡೆ ಮೆಣಸಿನ ಅಗಿ, ಅಂದರೆ ಸಸಿ, ಹಚ್ಚುತ್ತಾರೆ. ಮಗನನ್ನು ಸಾಲಿಗೆ, ಅಂದರೆ ಶಾಲೆಗೆ, ಹಚ್ಚುತ್ತಾರೆ, ಪಾಪ ಅವನಿಗೆ ಬೆಂಕಿ ಹಚ್ಚಿದರು ಅಂತ ಯಾರೂ ತಿಳಿಯಲ್ಲ. ಆದರೆ ಜೆರಾಕ್ಸ್ ಮಾತ್ರ ಹಚ್ಚಲ್ಲ, ತೆಗೆಯುತ್ತೇವೆ. ಬೆಂಗಳೂರಿಂದ ಬಂದ ನನ್ನ ಗೆಳೆಯ ‘ಫೋನ್ ಹಚ್ಚು’ ಕೇಳಿ ಕಡ್ಡಿಪೆಟ್ಟಿಗೆ ಹುಡುಕೋ ನಾಟಕ ಮಾಡಿದ್ದ, ಮಗ. ಈ ಜೋಡಿಗಳನ್ನು ನಮಗೆ ಯಾರೂ ಪಟ್ಟಿ ಮಾಡಿ ಕೊಡಲಿಲ್ಲ. ಎರಡೂ ಪದ ಕೂಡಿಯೇ ಕಿವಿಗೆ ಬಿದ್ದವು, ಕೂಡಿಯೇ ಉಳಿದವು. ಇಂಗ್ಲಿಷ್ ಬಂದ ಕೂಡಲೇ ಮಾತ್ರ ಗಂಡ ಹೆಂಡತಿಯನ್ನು ಬೇರೆ ಬೇರೆ ಪುಟದಲ್ಲಿ ಕೂರಿಸುತ್ತೇವೆ.

ಇದನ್ನು ಒಬ್ಬ ಕ್ಲಾಸಿನ ಸರ್ ಮುಂದೆ ಹೇಳಿದೆ. ನಕ್ಕರು. ‘ರೂಲ್ ಐತಲ್ರೀ, ಹೊಸದು ಹುಟ್ಟಿದ್ರ ಮೇಕ್, ಬರೇ ಕೆಲಸ ಆದ್ರ ಡೂ’ ಅಂದರು. ಹೌದಾ? ‘ಮೇಕ್ ದ ಬೆಡ್’ ಅಂದಾಗ ಯಾವ ಹೊಸ ಮಂಚ ಹುಟ್ಟುತ್ತೆ? ಹಾಸಿಗೆ ರಾತ್ರಿಯಿಂದ ಅಲ್ಲೇ ಇರುತ್ತೆ, ಸುಮ್ನೆ ಸರಿಮಾಡೋದು. ಡ್ಯಾಮೇಜ್ ಆದಾಗ ನಷ್ಟ ಹೊಸದಾಗಿಯೇ ಹುಟ್ಟುತ್ತೆ, ಅಲ್ಲಿ ಯಾಕೆ ಡೂ? ಅಡುಗೆ, ಚಹಾ, ಕೇಕ್ ತನಕ ಆ ರೂಲ್ ಚೆನ್ನಾಗಿ ಓಡುತ್ತೆ. ಆಮೇಲೆ ಕಾಲು ಮುರಿದುಕೊಳ್ಳುತ್ತೆ. ‘ಎದುರಿನವರಿಗೆ ತಿಳಿದ್ರ ಸಾಕು ಬಿಡ್ರಿ’ ಅಂತ ಇನ್ನೊಬ್ಬರು. ಹುಬ್ಬಳ್ಳಿ ದುರ್ಗದಬೈಲಿನ ಮಾರ್ಕೆಟ್ಟಿನಲ್ಲಿ ಸಾಕು, ಖಂಡಿತ ಸಾಕು. ಹಾಗಿದ್ದರೆ ಮಾರ್ಕ್ಸ್ ಯಾಕೆ ಕಟ್ ಮಾಡಿದಿರಿ?

ಸಿಟ್ಟು ಯಾಕೆ ಇಷ್ಟು ಅಂತ ಕೇಳಬಹುದು. ಕನ್ನಡ ಮೀಡಿಯಂನಲ್ಲಿ ಓದಿದವನು ನಾನು. ಗ್ರಾಮರ್ ನನಗೆ ಯಾವತ್ತೂ ಹೆದರಿಕೆ ಹುಟ್ಟಿಸಲಿಲ್ಲ. ಇವತ್ತಿಗೂ ಬ್ಯಾಂಕಿಗೆ ಎರಡು ಸಾಲು ಇಂಗ್ಲಿಷ್ ಬರೆಯೋವಾಗ ಕೈ ತಡೆಯೋದು ಇಲ್ಲೇ. ಪದ ಗೊತ್ತಿರುತ್ತೆ, ಅದರ ಪಕ್ಕದಲ್ಲಿ ಯಾರು ಕೂರಬೇಕು ಅನ್ನೋದು ಗೊತ್ತಾಗಲ್ಲ. ಕಾನ್ವೆಂಟ್ ಮಕ್ಕಳು ಯೋಚನೆ ಮಾಡದೇ ಹೇಳೋದನ್ನು ಕೇಳಿದರೆ ಹೊಟ್ಟೆ ಉರಿಯುತ್ತೆ. ಮುಚ್ಚಿಡೋದು ಯಾಕೆ?

ಟೈಮ್ ಇಲ್ಲ, ಸಿಲಬಸ್ ಮುಗಿಸಬೇಕು ಅನ್ನುತ್ತಾರೆ. ಆ ಕಟ್ಟನ್ನು ಎ ಇಂದ ಝಡ್ ತನಕ ಬರೆಸಲಿಕ್ಕೆ ಟೈಮ್ ಇತ್ತಲ್ಲ? ಮೇಕ್, ಡೂ, ಟೇಕ್, ಹ್ಯಾವ್, ಗಿವ್. ಒಂದೊಂದರ ಕೆಳಗೆ ಅದರ ಜೊತೆ ಕೂರೋ ಪದಗಳು, ಒಂದೊಂದು ಪೂರ್ತಿ ವಾಕ್ಯ. ಮೊದಲಿಗೆ ಅಷ್ಟು ಸಾಕು, ಒಂದು ಹಾಳೆ ಹಿಂದೆ ಮುಂದೆ. ಆದರೆ ಒಂದು ಹಾಳೆಗೆ ಅಷ್ಟೊಂದು ಫೀ ಯಾರು ಕೊಡ್ತಾರೆ, ಅಲ್ವಾ? ಹಾಂ, ದಪ್ಪ ನೋಟ್ಸ್ ನಿಂತರೆ ಮೊದಲು ನಷ್ಟ ಆಗೋದು ನನ್ನ ಅಂಗಡಿಗೇ. ಗೊತ್ತಿದ್ದೇ ಬರೆದಿದ್ದೀನಿ, ಕಾಮೆಂಟಿನಲ್ಲಿ ನೆನಪು ಮಾಡಲಿಕ್ಕೆ ಬರಬೇಡಿ.