ಡೊನೇಷನ್ ಒಂದು ಸಲ ಕೊಟ್ಟಾಗಿದೆ

ಹೋದ ತಿಂಗಳು ಒಂದೇ ವಾರದಲ್ಲಿ ನಾನು ಓದಿದ ಎರಡು ಕಾಲೇಜುಗಳಿಗೆ ನನ್ನ ನೆನಪಾಯಿತು.

ಮೊದಲು ಬಂದದ್ದು ಇಲ್ಲಿಯ ಫೋನು. ಅಮೆರಿಕದ ಒಹಾಯೋದಲ್ಲಿ ನಾನು ಎಂ.ಎಸ್. ಮಾಡಿದ ಸರ್ಕಾರಿ ವಿಶ್ವವಿದ್ಯಾಲಯದಿಂದ. ಮಾತಾಡಿದವಳು ಎರಡನೇ ವರ್ಷದ ಹುಡುಗಿ. ನನ್ನ ಹೆಸರಿನ ಜೊತೆ ಮೂರು ಸಲ ಒದ್ದಾಡಿ ನಾಲ್ಕನೇ ಸಲ ಸರಿ ಮಾಡಿಕೊಂಡಳು. ನಾನಿದ್ದಾಗ ಲ್ಯಾಬ್ ಇದ್ದ ನೆಲಮಾಳಿಗೆ ಈಗ ಏನಾಗಿದೆ ಅಂತ ಹೇಳಿದಳು. ನಿಮ್ಮ ಕಡೆ ಚಳಿ ಹೇಗಿದೆ ಅಂತ ವಿಚಾರಿಸಿದಳು. ಕೊನೆಗೆ, ಸ್ಕಾಲರ್‌ಶಿಪ್ ನಿಧಿಗೆ ಐವತ್ತು ಡಾಲರ್ ಕೊಡುತ್ತೀರಾ ಅಂದಳು. ಒಲೆಯ ಮೇಲೆ ಒಗ್ಗರಣೆಗೆ ಎಣ್ಣೆ ಕಾಯುತ್ತಿತ್ತು. ಒಂದು ಕೈಲಿ ಸಾಸಿವೆ ಡಬ್ಬಿ ಹಿಡಿದುಕೊಂಡೇ ಕಾರ್ಡ್ ನಂಬರ್ ಹೇಳಿಬಿಟ್ಟೆ. ನಾನು ಐವತ್ತು ಕೊಟ್ಟರೆ ನಮ್ಮ ಕಂಪನಿಯೂ ಐವತ್ತು ಹಾಕುತ್ತದೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮೂರು ದಿನ ಬಿಟ್ಟು ವಾಟ್ಸಾಪ್‌ನಲ್ಲಿ ಇನ್ನೊಂದು. ಅದು ನಾನು ಇಂಜಿನಿಯರಿಂಗ್ ಓದಿದ ಕಾಲೇಜಿನದು. ಹೆಸರು ಹೇಳಲ್ಲ, ಯಾವ ಊರು ಅಂತಲೂ ಹೇಳಲ್ಲ. ಇಪ್ಪತ್ತೈದು ವರ್ಷ ನಾವು ಇದ್ದೇವೋ ಸತ್ತೇವೋ ಅಂತ ಕೇಳದವರು 'ಆತ್ಮೀಯ ಹಳೆಯ ವಿದ್ಯಾರ್ಥಿಗಳೇ' ಅಂತ ಶುರು ಮಾಡಿದ್ದರು. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುತ್ತಿದೆ, ಹಳೆಯ ವಿದ್ಯಾರ್ಥಿಗಳ ಸಭಾಂಗಣ ಕಟ್ಟಿಸುತ್ತಿದ್ದೇವೆ, ತಲಾ 25 ಸಾವಿರ. ವಿದೇಶದಲ್ಲಿರುವವರು ಒಂದು ಲಕ್ಷ. ಕೆಳಗೆ ಸಾಲಾಗಿ ಆರು ಕೈಮುಗಿದ ಚಿತ್ರ.

ನೋಡಿ ಸುಮ್ಮನಾದೆ. ನೀಲಿ ಗೆರೆ ಬಿದ್ದಿತ್ತಲ್ಲ, ತುಮಕೂರಿನ ಎಸ್.ಎಸ್. ಪುರಂನಲ್ಲಿರುವ ಗೆಳೆಯ ಫೋನ್ ಮಾಡಿದ. ನಮ್ಮ ಬ್ಯಾಚಿನ ವಸೂಲಿ ಅವನ ತಲೆಗೆ ಬಿದ್ದಿದೆ. ಆ ಐವತ್ತು ಡಾಲರ್ ವಿಷಯ ಅವನಿಗೆ ನಾನೇ ಹೇಳಿಕೊಂಡಿದ್ದೆ, ದಡ್ಡ ನಾನು.

"ಲೋ, ಬಿಳಿಯರ ಕಾಲೇಜಿಗೆ ಕೇಳಿದ ತಕ್ಷಣ ಕೊಡ್ತೀಯ. ನಮ್ ಕಾಲೇಜಿಗೆ ಕೊಡಕ್ಕೆ ಕೈ ಬರಲ್ವಾ ನಿಂಗೆ?"

"ನಮ್ಮಪ್ಪ ಕೊಟ್ಟಾಗಿದೆ ಕಣೋ," ಅಂದೆ.

ಅವನು ನಕ್ಕ. ನನಗೆ ಮಾತ್ರ ಆ ಮಾತು ವಾರವೆಲ್ಲ ಚುಚ್ಚುತ್ತಲೇ ಇತ್ತು.

ಡೊನೇಷನ್ ಅನ್ನುವ ಪದಕ್ಕೆ ನಮ್ಮೂರಲ್ಲಿ ಒಂದು ಅರ್ಥ, ಇಲ್ಲಿ ಇನ್ನೊಂದು. ಬಂದ ಹೊಸದರಲ್ಲಿ ಕ್ಯಾಂಪಸ್ಸಿನ ಒಂದು ಕಟ್ಟಡದ ಮುಂದೆ, ಇಂಥವರ ಡೊನೇಷನ್ನಿನಿಂದ ಕಟ್ಟಿದ್ದು ಎಂಬ ಹಿತ್ತಾಳೆ ಫಲಕ ನೋಡಿ ನಿಂತುಬಿಟ್ಟಿದ್ದೆ. ಇಷ್ಟು ಧೈರ್ಯವಾಗಿ ಬರೆದುಕೊಂಡಿದ್ದಾರಲ್ಲ, ಯಾರ ಮಗನ ಸೀಟಿಗೆ ಕೊಟ್ಟದ್ದೋ ಅಂತ. ನಗಬೇಡಿ. ಗುಬ್ಬಿ ತಾಲೂಕಿನಿಂದ ಹೋದ ಹುಡುಗನಿಗೆ ದಾನ ಬೇರೆ, ಡೊನೇಷನ್ ಬೇರೆ. ದಾನ ಮಠಕ್ಕೆ, ಡೊನೇಷನ್ ಸೀಟಿಗೆ. ಮದುವೆ ಮಾತುಕತೆಯಲ್ಲಿ "ಹುಡುಗಂದು ಡೊನೇಷನ್ ಸೀಟಂತೆ" ಅಂದರೆ ಮಾರ್ಕ್ಸ್ ಕಡಿಮೆ, ಆಸ್ತಿ ಪರವಾಗಿಲ್ಲ ಅಂತ ಲೆಕ್ಕ.

ನನ್ನದು ಡೊನೇಷನ್ ಸೀಟು. ಆಸ್ತಿಯೂ ಅಷ್ಟಕ್ಕಷ್ಟೇ. 1996ನೇ ಇಸವಿ. ಸಿಇಟಿ ಶುರುವಾಗಿ ಎರಡು ವರ್ಷ ಆಗಿತ್ತು, ನನ್ನ ರ್‍ಯಾಂಕು ಹೇಳಿಕೊಳ್ಳುವಂಥದ್ದಲ್ಲ. ಅಪ್ಪ ಅಟ್ಟದ ಮೇಲಿದ್ದ ಕಾಯಿಯನ್ನೆಲ್ಲ ಇಳಿಸಿದರು. ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಕೂತರೇನೇ ಉಂಡೆ ಕೊಬ್ಬರಿ. ಅಲ್ಲಾಡಿಸಿದರೆ ಒಳಗೆ ಗಿಟುಕು ಗಡಗಡ ಅನ್ನಬೇಕು. ಅವತ್ತು ಇಳಿಸಿದ್ದರಲ್ಲಿ ಅರ್ಧಕ್ಕೆ ಆ ಸದ್ದೇ ಇರಲಿಲ್ಲ. ಅವನ್ನು ಬಂದಷ್ಟಕ್ಕೆ ಕಾಯಿ ಲೆಕ್ಕದಲ್ಲಿ ಮಾರಿ, ಮಿಕ್ಕಿದ್ದನ್ನು ಸುಲಿಸಿ ತಿಪಟೂರು ಮಂಡಿಗೆ ಹಾಕಿದರು. ಸಾಲದ್ದಕ್ಕೆ ಸೊಸೈಟಿ ಸಾಲ, ಸೋದರಮಾವನ ಹತ್ತಿರ ಕೈಗಡ. ಒಟ್ಟು ಒಂದು ಲಕ್ಷದ ಹತ್ತು ಸಾವಿರ. ಅಷ್ಟು ದುಡ್ಡನ್ನು ನಮ್ಮ ಮನೆಯವರು ಒಟ್ಟಿಗೆ ನೋಡಿದ್ದು ಅದೇ ಮೊದಲು.

ಕಾಲೇಜಿನಲ್ಲಿ ಪ್ರಿನ್ಸಿಪಾಲರ ರೂಮಿನ ಪಕ್ಕ ಒಂದು ಸಣ್ಣ ರೂಮು. ಸಫಾರಿ ಹಾಕಿದ ಒಬ್ಬರು ಕೂತು ಎಣಿಸಿಕೊಂಡರು. ಐದು ಸಾವಿರಕ್ಕೆ ಮಾತ್ರ ರಸೀದಿ ಹರಿದರು. ಅದರ ಮೇಲೆ 'ಕಟ್ಟಡ ನಿಧಿ' ಅಂತಿತ್ತು. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಯಾವ ಕಟ್ಟಡ ಸ್ವಾಮಿ?" ಅಂದರು. ಆತ ನಗುತ್ತಾ ಕಿಟಕಿ ಕಡೆ ಕೈ ತೋರಿಸಿದರು. ಕಿಟಕಿಯಾಚೆ ಬಯಲು. ನಾನು ಓದು ಮುಗಿಸಿ ಹೊರಡುವ ಹೊತ್ತಿಗೆ ಆ ಬಯಲಲ್ಲಿ ಎದ್ದಿದ್ದದ್ದು ಶೀಟು ಹೊದಿಸಿದ ಸೈಕಲ್ ಸ್ಟ್ಯಾಂಡು.

ಕಾನೂನು ಇರಲಿಲ್ಲ ಅಂದುಕೊಳ್ಳಬೇಡಿ. ಕ್ಯಾಪಿಟೇಷನ್ ಶುಲ್ಕ, ಅಂದರೆ ಈ ಸೀಟಿನ ಡೊನೇಷನ್ನೇ, ಅದನ್ನು ನಿಷೇಧಿಸಿ ಕರ್ನಾಟಕ 1984ರಲ್ಲೇ ಕಾಯ್ದೆ ಮಾಡಿತ್ತು. 1992ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೋಹಿನಿ ಜೈನ್ ಕೇಸಂತೂ ನಮ್ಮ ತುಮಕೂರಿನದೇ. ಮೀರತ್ತಿನ ವಿದ್ಯಾರ್ಥಿನಿ ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸೀಟು ಕೇಳಿದ್ದಳು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000ದವರೆಗೆ ಅಂತ ಸರ್ಕಾರವೇ ಅಧಿಸೂಚನೆ ಹೊರಡಿಸಿತ್ತು. ಹೀಗೆ ದುಡ್ಡು ಹಿಡಿದು ಸೀಟು ಕೊಡುವುದನ್ನು ಸಂವಿಧಾನ ಒಪ್ಪುವುದಿಲ್ಲ ಅಂತ ಕೋರ್ಟ್ ಹೇಳಿತು. ಮರುವರ್ಷ ಇನ್ನೊಂದು ತೀರ್ಪು ಬಂದು ಅದು ಸ್ವಲ್ಪ ಸಡಿಲವಾಯಿತು. ಅದೆಲ್ಲ ವಕೀಲರಿಗೆ ಬಿಡಿ. ಸಫಾರಿಯವರು ಪೇಪರ್ ಓದುತ್ತಿದ್ದರೋ ಇಲ್ಲವೋ, ನಮ್ಮಪ್ಪನ ದುಡ್ಡನ್ನಂತೂ ಎಂಜಲು ಹಚ್ಚಿ ಎಣಿಸಿದರು.

ಈಗ ಒಹಾಯೋ ಕಡೆ ಬನ್ನಿ. ನಾನು ಬಂದಿಳಿದಾಗ ಜೇಬಲ್ಲಿದ್ದದ್ದು ಎಂಟುನೂರು ಡಾಲರ್. ಟಿ.ಎ. ಕೆಲಸ ಸಿಕ್ಕಿತು, ಚಿಕ್ಕ ಕ್ಲಾಸಿನ ಹುಡುಗರ ಲ್ಯಾಬ್ ರಿಪೋರ್ಟು ತಿದ್ದುವುದು. ಅದಕ್ಕೆ ಫೀಸು ಮಾಫಿ, ಮೇಲೆ ತಿಂಗಳ ಖರ್ಚಿಗೆ ದುಡ್ಡು. ಎರಡು ವರ್ಷ ಹಾಗೆ ಓದಿಸಿದರು. ನಾನು ಕೆಲಸ ಹಿಡಿದು, ಮನೆ ಮಾಡಿ, ಮಗಳು ಸ್ಕೂಲ್ ಬಸ್ ಹತ್ತಲು ಶುರು ಮಾಡಿದ ಮೇಲೆ ಮೆಲ್ಲಗೆ ಕೇಳಿದರು. ಇವರು ಓದಿಸಿದ ಮೇಲೆ ಕೇಳುತ್ತಾರೆ, ಅವರು ಗೇಟು ದಾಟುವ ಮೊದಲೇ ಕೇಳಿದರು. ನನ್ನ ತಕರಾರು ಇಷ್ಟೇ.

ಕೊಟ್ಟದ್ದು ಎಲ್ಲಿ ಹೋಯಿತು ಅಂತಲೂ ಇಲ್ಲಿ ಗೊತ್ತಾಗುತ್ತದೆ. ಎರಡು ವರ್ಷದ ಹಿಂದೆ ಒಂದು ಕಾಗದ ಬಂದಿತ್ತು, ಕೈಬರಹದ್ದು. ಜೋಳ, ಸೋಯಾ ಬೆಳೆಯುವ ಮನೆಯ ಹುಡುಗ. ನಮ್ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲು, ಪುಸ್ತಕಕ್ಕೆ ನಿಮ್ಮ ನಿಧಿಯಿಂದ ಸಹಾಯ ಸಿಕ್ಕಿತು ಅಂತ ಬರೆದಿದ್ದ. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಹಾಲು ತೆಗೆಯುವಾಗಲೆಲ್ಲ ನನಗೆ ಆ 'ಕಟ್ಟಡ ನಿಧಿ' ರಸೀದಿ ನೆನಪಾಗುತ್ತದೆ.

ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. ಅವನು ಬಿಡುವವನಲ್ಲ. "ನಂದನ್ ನಿಲೇಕಣಿ ಐಐಟಿಗೆ ಕೊಡಲಿಲ್ವಾ?" ಅಂದ. ಕೊಟ್ಟರು. 2023ರಲ್ಲಿ ಬಾಂಬೆ ಐಐಟಿಗೆ 315 ಕೋಟಿ ರೂಪಾಯಿ, ಅಲ್ಲಿಗೆ ಸೇರಿ ಐವತ್ತು ವರ್ಷ ಆಯಿತು ಅಂತ. ಅದಕ್ಕೂ ಮೊದಲು 85 ಕೋಟಿ ಕೊಟ್ಟಿದ್ದರು. ಆದರೆ ಐಐಟಿ ಪರೀಕ್ಷೆ ಬರೆಸಿ ಒಳಗೆ ಬಿಡುವ ಸರ್ಕಾರದ ಕಾಲೇಜು. ಅವರ ಅಪ್ಪನ ಕೈಯಲ್ಲಿ ಅಟ್ಟ ಖಾಲಿ ಮಾಡಿಸಿದ್ದರೆ ಆಮೇಲೆ ಮಾತಾಡೋಣ ಅಂದೆ. "ಎಚ್.ಎನ್. ಮೇಷ್ಟ್ರು?" ಅಂದ. ಅವನ ಹೆಂಡತಿ ಊರು ಗೌರಿಬಿದನೂರು, ಹಾಗಾಗಿ ಅವನ ಮಾತಲ್ಲಿ ಎಚ್. ನರಸಿಂಹಯ್ಯನವರು ಬರಲೇಬೇಕು. ಅವರೂ ಇದೇ ಒಹಾಯೋಗೆ ಬಂದವರು. ಒಹಾಯೋ ಸ್ಟೇಟ್‌ನಲ್ಲಿ ಪಿಎಚ್.ಡಿ. ಮಾಡಿ ವಾಪಸ್ ಹೋದರು. ಹುಡುಗನಾಗಿದ್ದಾಗ ಓದಿದ ಬಸವನಗುಡಿಯ ನ್ಯಾಷನಲ್ ಸಂಸ್ಥೆಗೇ ಬದುಕು ಕೊಟ್ಟು, ಹಾಸ್ಟೆಲ್ ರೂಮಿನಲ್ಲೇ ಉಳಿದರು. ಗೌರಿಬಿದನೂರು, ಬಾಗೇಪಲ್ಲಿಗೂ ಕಾಲೇಜು ತಂದರು. ಅಂಥವರು ಬಂದು ಕೇಳಿದರೆ ನಾನು ಒಂದು ಲಕ್ಷ ಏನು, ಇನ್ನೂ ಜಾಸ್ತಿ ಕೊಡುತ್ತೇನೆ. ಕೇಳುತ್ತಿರುವವರು ಅವರಲ್ಲವಲ್ಲ.

ಇಷ್ಟು ವಾದ ಮಾಡಿ ಫೋನ್ ಇಟ್ಟೆ. ಗೆದ್ದೆ ಅಂತಲೇ ಅಂದುಕೊಂಡಿದ್ದೆ.

ಆಮೇಲೆ ಒಂದೊಂದೇ ತಲೆಗೆ ಬಂತು. ಆ ಹುಡುಗಿ ಐವತ್ತು ಡಾಲರಿಗೆ ಅಷ್ಟು ಹೊತ್ತು ಮಾತಾಡಿದ್ದು ನನ್ನ ಮೇಲಿನ ಪ್ರೀತಿಗೇನೂ ಅಲ್ಲ. ಅದು ಅವಳ ಸಂಜೆ ಹೊತ್ತಿನ ಕೆಲಸ, ಗಂಟೆಗಿಷ್ಟು ಅಂತ ಸಂಬಳ. ಅದೂ ಅಲ್ಲದೆ, ಇಲ್ಲಿ ಕಾಲೇಜುಗಳಿಗೆ ರ್‍ಯಾಂಕು ಕೊಡುವ ಯುಎಸ್ ನ್ಯೂಸ್ ಪಟ್ಟಿಯಲ್ಲಿ ಹಳೆಯ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಎಷ್ಟು ಜನ ಕೊಟ್ಟರು ಅನ್ನುವುದಕ್ಕೂ ಅಂಕ ಇತ್ತು. 2023ರಲ್ಲಷ್ಟೇ ಅದನ್ನು ತೆಗೆದರು. ಅಂದರೆ ಇಷ್ಟು ವರ್ಷ ನನ್ನ ಡಾಲರಿಗಿಂತ ನನ್ನ ತಲೆಯ ಲೆಕ್ಕ ಮುಖ್ಯವಾಗಿತ್ತು. ನ್ಯಾಕ್‌ನವರ ಅಂಕಪಟ್ಟಿಯಲ್ಲೂ ಹಳೆಯ ವಿದ್ಯಾರ್ಥಿಗಳದ್ದೊಂದು ಕಾಲಂ ಇದೆ. ಸಫಾರಿಯವರ ಕಾಲೇಜಿಗೆ ನೆನಪು ಬಂದ ಕಾರಣವೂ ಇಲ್ಲಿಯವರ ಕಾರಣವೂ ಅಷ್ಟೇನೂ ದೂರ ಇಲ್ಲ.

ಸೀಟಿನ ವಿಷಯದಲ್ಲೂ ಇಲ್ಲಿಯವರೇನು ಸಾಚಾಗಳಲ್ಲ. ಹಳೆಯ ವಿದ್ಯಾರ್ಥಿಯ ಮಗ, ದೊಡ್ಡ ದಾನಿಯ ಮಗಳು ಅಂದರೆ ದೊಡ್ಡ ದೊಡ್ಡ ಖಾಸಗಿ ಕಾಲೇಜುಗಳಲ್ಲೂ ಬಾಗಿಲು ಸ್ವಲ್ಪ ಅಗಲ ತೆರೆಯುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯ ಅದನ್ನು ನಿಷೇಧಿಸಿ ಕಾನೂನು ಮಾಡಿದ್ದು 2024ರಲ್ಲಿ. ನಮ್ಮ 1984ರ ಕಾಯ್ದೆಗೆ ಆಗಲೇ ನಲವತ್ತು ವರ್ಷ. ಜಾರಿಗೆ ತರುವ ಮಾತು ಬಿಡಿ, ಬರೆಯುವುದರಲ್ಲಿ ನಾವೇ ಮುಂದೆ.

ಇನ್ನೊಂದು ನೆಪವೂ ಕೈಗೆ ಸಿಗಲಿಲ್ಲ. ಇಲ್ಲಿಯ ಪೌರತ್ವ ತೆಗೆದುಕೊಂಡ ಗೆಳೆಯರು ಊರಿಗೆ ಕೊಟ್ಟರೆ ಅದು ವಿದೇಶಿ ದೇಣಿಗೆ. ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಬೇಕು, 2020ರ ತಿದ್ದುಪಡಿ ಆದಮೇಲೆ ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಗೇ ಬಂದು ಇಳಿಯಬೇಕು. ನಮ್ಮ ಕಡೆಯವರು ಪಾರ್ಟಿಗಳಲ್ಲಿ ಇದನ್ನು ಹೇಳಿ ಕೈತೊಳೆದುಕೊಳ್ಳುತ್ತಾರೆ. ನನ್ನದು ಇನ್ನೂ ಭಾರತದ ಪಾಸ್‌ಪೋರ್ಟು. ನನ್ನ ಉಳಿತಾಯದ ದುಡ್ಡಿಗೆ ಈ ತಾಪತ್ರಯ ಇಲ್ಲ.

ಮತ್ತೆ ಆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಬ್ಬರು ಮೇಷ್ಟ್ರಿದ್ದರು. ಮೂರು ತಿಂಗಳು ಸಂಬಳ ಆಗದಿದ್ದರೂ ಸಂಜೆ ಕೂರಿಸಿಕೊಂಡು ಸಿಗ್ನಲ್ಸ್ ಹೇಳಿಕೊಟ್ಟರು. ಒಹಾಯೋಗೆ ಶಿಫಾರಸು ಪತ್ರ ಬರೆದವರೂ ಅವರೇ, ಟೈಪ್ ಮಾಡಿಸಲು ಅವರದ್ದೇ ದುಡ್ಡು. ಕಾಲೇಜು ಅಂದರೆ ಸಫಾರಿಯವರು ಮಾತ್ರ ಅಂತ ನಾನು ಹೇಳುವಾಗ ಈ ಮೇಷ್ಟ್ರನ್ನು ಜಾಣತನದಿಂದ ಹೊರಗೆ ನಿಲ್ಲಿಸುತ್ತೇನೆ. ಇದನ್ನು ಗೆಳೆಯನಿಗೆ ಹೇಳಿಲ್ಲ.

ಅದಕ್ಕಿಂತ ದೊಡ್ಡದು ಹಾಸ್ಟೆಲಿನ ವಿಷಯ. ಪಿಯುಸಿ ಎರಡು ವರ್ಷ ತುಮಕೂರಿನ ಒಂದು ಉಚಿತ ಹಾಸ್ಟೆಲಿನಲ್ಲಿದ್ದೆ. ಮುದ್ದೆ, ಸಾರು, ಸಾಲಾಗಿ ಹಾಸಿದ ಚಾಪೆ. ಕಾಲೇಜು ಸರ್ಕಾರದ್ದು, ಫೀಸು ಲೆಕ್ಕಕ್ಕಿಲ್ಲ. ಮೊದಲು ಕೊಟ್ಟವರಿಗೆ ನಾನು ಕೊಡುತ್ತೇನೆ ಅನ್ನುವುದಾದರೆ ಒಹಾಯೋಗಿಂತ ಮೊದಲು ನಿಲ್ಲಬೇಕಾದದ್ದು ಇದೇ. ಇಷ್ಟು ವರ್ಷದಲ್ಲಿ ಒಂದು ರೂಪಾಯಿ ಕಳಿಸಿಲ್ಲ. ಅವರು ಕೇಳಿಲ್ಲ, ನಾನು ಕೊಟ್ಟಿಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 2019ರಲ್ಲಿ, 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ನಮ್ಮ ಬ್ಯಾಚಿನ ಗುಂಪಿನಲ್ಲಿ ಎಷ್ಟೊಂದು ಜನ ಮಠದಲ್ಲಿ ಉಂಡು ಓದಿದವರು ಅಂತ ಗೊತ್ತಾಯಿತು. ಅವರಲ್ಲಿ ಹಲವರು ಸುಗ್ಗಿ ಆದಮೇಲೆ ಮಠಕ್ಕೆ ರಾಗಿ ಹಾಕಿ ಬರುವ ಮನೆಯವರು. ಅದಕ್ಕೆ ಯಾರೂ ಫೋನ್ ಮಾಡಿ ಕೇಳುವುದಿಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು.

ಹೋದ ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ, ಆ ಹಾಸ್ಟೆಲಿಗೆ ಏನಾದರೂ ಕಳಿಸೋಣ ಅಂತಿದ್ದೀನಿ ಅಂದೆ.

"ವರ್ಷಾ ವರ್ಷಾ ನೂರು ಕಾಯಿ ಹೋಗ್ತದಲ್ಲ," ಅಂದಳು.

"ಯಾವಾಗಿಂದ?"

"ನೀನು ಅಲ್ಲಿಗೆ ಸೇರ್‍ದಾಗಿಂದ. ನಿಮ್ಮಪ್ಪ ಹೋದ್ಮೇಲೆ ನಾನು ಕೊಟ್ಟು ಕಳಿಸ್ತೀನಿ."

"ಒಂದಿನಾನೂ ಹೇಳಲಿಲ್ಲ?"

"ಅದ್ರಲ್ಲೇನಪ್ಪ ಹೇಳೋದು."

ಅಟ್ಟ ಖಾಲಿ ಮಾಡಿದ ವರ್ಷವೂ ಹೋಗಿತ್ತಾ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಈ ಸಲ ನುಸಿ ಹಿಡಿದು ತೋಟದಲ್ಲಿ ಕಾಯಿ ಕಡಿಮೆ, ಪಕ್ಕದ ತೋಟದವರ ಹತ್ತಿರ ಅರವತ್ತು ಕೊಂಡು ಸೇರಿಸಿ ಕೊಟ್ಟೆ ಅಂದಳು. ಆ ಅರವತ್ತು ಕಾಯಿಯ ದುಡ್ಡು ಎಷ್ಟಾಯಿತು ಹೇಳು, ಕಳಿಸುತ್ತೇನೆ ಅಂದೆ. "ಇರಲಿ ಬಿಡು," ಅಂದಳು.

ಬ್ಯಾಚಿನ ಗುಂಪಿನಲ್ಲಿ ಗೆಳೆಯ ನಿನ್ನೆ ಪಟ್ಟಿ ಹಾಕಿದ್ದಾನೆ. ಕೊಟ್ಟವರ ಹೆಸರಿನ ಮುಂದೆ ಹಸಿರು ಗುರುತು. ನನ್ನ ಹೆಸರಿನ ಮುಂದೆ 'ಬಾಕಿ' ಅಂತ ಬರೆದಿದ್ದಾನೆ. ಸಭಾಂಗಣಕ್ಕೆ ನಾನು ಕೊಡುವುದಿಲ್ಲ, ಅದರಲ್ಲಿ ಬದಲಾವಣೆ ಇಲ್ಲ. ಆ ಸಿಗ್ನಲ್ಸ್ ಮೇಷ್ಟ್ರು ಈಗ ಎಲ್ಲಿದ್ದಾರೆ, ನಂಬರ್ ಇದೆಯಾ ಅಂತ ಅವನಿಗೆ ಬೇರೆಯಾಗಿ ಮೆಸೇಜ್ ಮಾಡಿದ್ದೇನೆ. ಇನ್ನೂ ನೀಲಿ ಗೆರೆ ಬಿದ್ದಿಲ್ಲ.